ಸೀಟಿ ಊದುವ ಮೊದಲು ರೆಫರಿಯ ಕಣ್ಣು

ನಮ್ಮ ನಲ್ಲೂರಿನ ಕಡೆ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಅಂದರೆ ನೋಡುವವರೆಲ್ಲ ತೀರ್ಪುಗಾರರೇ. ರೇಡರ್‌ನ ಕಾಲು ಬೋನಸ್ ಗೆರೆ ದಾಟಿತೋ ಇಲ್ಲವೋ ಅಂತ, ತೋಟದ ಕೆಲಸ ಮುಗಿಸಿ ಬಂದು ನಿಂತ ಅಜ್ಜನೂ ಹೇಳಿಬಿಡುತ್ತಾನೆ. ಬಾಸ್ಕೆಟ್‌ಬಾಲ್‌ನಲ್ಲಿ ಹಾಗಿಲ್ಲ. ದೈಹಿಕ ಶಿಕ್ಷಣ ಶಿಕ್ಷಕನಾಗಿ ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಪಂದ್ಯಗಳಲ್ಲಿ ಸೀಟಿ ಹಿಡಿದು ನಿಂತಾಗ ನನಗೆ ಹೆಚ್ಚು ಎದುರಾಗುವ ಪ್ರಶ್ನೆ ಒಂದೇ: "ಸಾರ್, ಎಲ್ಲಾ ಫೌಲೂ ಫೌಲೇ ಅಲ್ವಾ? ಇದಕ್ಕೊಂದಕ್ಕೆ ಯಾಕೆ ಇಷ್ಟು ದೊಡ್ಡ ಶಿಕ್ಷೆ?"

ಬಾಸ್ಕೆಟ್‌ಬಾಲ್‌ನಲ್ಲಿ ಮೈಗೆ ಮೈ ತಾಗುವುದು ತಪ್ಪುವುದಿಲ್ಲ. ಹತ್ತು ಜನ ಒಂದೇ ಚೆಂಡಿಗೆ ಓಡುವಾಗ ಕೈ ತಡವಾಗಿ ಬೀಳುತ್ತದೆ, ಭುಜ ಬಡಿಯುತ್ತದೆ. ಅದು ಸಾಮಾನ್ಯ ಫೌಲ್. ಐದು ಆದರೆ ಆಟಗಾರ ಹೊರಗೆ. ಅದರ ಮೇಲಿನದು ಅಮೆರಿಕದ ಎನ್‌ಬಿಎಯಲ್ಲಿ ಫ್ಲಾಗ್ರಂಟ್ ಫೌಲ್. ನಾವು ಆಡಿಸುವುದು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮದಲ್ಲಿ. ಅಲ್ಲಿ ಅದರ ಹೆಸರು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್. ಇನ್ನೂ ಮೇಲಿನದು ಡಿಸ್‌ಕ್ವಾಲಿಫೈಯಿಂಗ್ ಫೌಲ್. ಅದಾದರೆ ಆಟಗಾರ ಆ ಕ್ಷಣವೇ ಕೋರ್ಟ್ ಬಿಡಬೇಕು.

ಈ ಮಧ್ಯದ ಫೌಲನ್ನು ಗುರುತಿಸುವುದೇ ಕಷ್ಟದ ಕೆಲಸ. ಒಂದು ಹುಡುಗಿ ಚೆಂಡು ಕಿತ್ತುಕೊಂಡು ಒಬ್ಬಳೇ ಓಡುತ್ತಿದ್ದಾಳೆ ಅನ್ನಿ. ಮುಂದೆ ರಿಂಗ್ ಬಿಟ್ಟರೆ ಯಾರೂ ಇಲ್ಲ. ಹಿಂದಿನಿಂದ ಬಂದವಳು ಅವಳ ಜೆರ್ಸಿಯ ತುದಿ ಹಿಡಿದು ಎಳೆಯುತ್ತಾಳೆ. ಏಟೇನೂ ಇಲ್ಲ, ಬಿದ್ದದ್ದೂ ಇಲ್ಲ. ಆದರೂ ನಾನು ಮುಷ್ಟಿ ಕಟ್ಟಿದ ಕೈಯನ್ನು ಮೇಲೆತ್ತಿ ಇನ್ನೊಂದು ಕೈಯಲ್ಲಿ ಮಣಿಕಟ್ಟು ಹಿಡಿದು ತೋರಿಸುತ್ತೇನೆ. ಅನ್‌ಸ್ಪೋರ್ಟ್ಸ್‌ಮನ್‌ಲೈಕ್‌ನ ಸಂಜ್ಞೆ ಅದೇ. ಆಗ ಬೆಂಚಿನಿಂದ, "ಸಾರ್, ಮಗು ಬಿದ್ದೇ ಇಲ್ಲ, ಏನೂ ಆಗಿಲ್ಲ!" ಎಂಬ ಕೂಗು ಬಂದೇ ಬರುತ್ತದೆ. ಬೀಳುವುದಕ್ಕೂ ಈ ತೀರ್ಪಿಗೂ ಸಂಬಂಧ ಕಡಿಮೆ. ಎಳೆದವಳು ಚೆಂಡನ್ನು ಆಡಲು ಪ್ರಯತ್ನಿಸಲೇ ಇಲ್ಲ. ಮುಂದೆ ಎದುರಾಳಿ ಯಾರೂ ಇಲ್ಲದೆ ರಿಂಗ್‌ನತ್ತ ಸಾಗುತ್ತಿರುವವರನ್ನು ಹಿಂದಿನಿಂದಲೋ ಪಕ್ಕದಿಂದಲೋ ಅಕ್ರಮವಾಗಿ ತಡೆದರೂ ಇದೇ ಫೌಲ್. ಎದುರಾಳಿ ತಂಡ ವೇಗವಾಗಿ ದಾಳಿಗೆ ಹೊರಟಾಗ, ಅದನ್ನು ನಿಲ್ಲಿಸಲೆಂದೇ ಬೇಡದ ಕೈ ಹಾಕಿದರೂ ಅಷ್ಟೇ.

ಶಿಕ್ಷೆಯ ಲೆಕ್ಕ ನೋಡಿದರೆ ನಿಯಮದ ಉದ್ದೇಶ ಅರ್ಥವಾಗುತ್ತದೆ. ಜೆರ್ಸಿ ಎಳೆದದ್ದು ಬರೀ ಸಾಮಾನ್ಯ ಫೌಲ್ ಆಗಿದ್ದರೆ, ಆ ಕ್ವಾರ್ಟರ್‌ನಲ್ಲಿ ತಂಡದ ಫೌಲುಗಳು ನಾಲ್ಕು ದಾಟಿಲ್ಲವಾದರೆ, ಎದುರು ತಂಡಕ್ಕೆ ಸಿಗುವುದು ಪಕ್ಕದ ಗೆರೆಯಿಂದ ಚೆಂಡು ಮಾತ್ರ. ಖಚಿತವಾಗಿ ಬರುತ್ತಿದ್ದ ಎರಡು ಪಾಯಿಂಟ್ ಹೋಯಿತು, ತಪ್ಪು ಮಾಡಿದವರಿಗೇ ಲಾಭ. ಈಗ ಹಾಗಾಗುವುದಿಲ್ಲ. ಎರಡು ಫ್ರೀ ಥ್ರೋ, ಅದಾದ ಮೇಲೆ ಚೆಂಡೂ ಅವರದ್ದೇ. ಒಬ್ಬರೇ ಎರಡು ಸಲ ಮಾಡಿದರೆ, ಅಥವಾ ಇದರ ಜೊತೆ ಒಂದು ಟೆಕ್ನಿಕಲ್ ಫೌಲ್ ಸೇರಿದರೆ, ಪಂದ್ಯದಿಂದಲೇ ಹೊರಗೆ.

"ಬಾಲ್‌ಗೇ ಕೈ ಹಾಕಿದ್ದು ಸಾರ್!" ಎನ್ನುವ ವಾದ ಇನ್ನೊಂದು. ನಿಜವೇ ಇರಬಹುದು. ಆದರೆ ಚೆಂಡಿಗೆ ಹೋದ ಕೈಯೂ ಮಿತಿಮೀರಿದ ಬಿರುಸಿನಿಂದ ಎದುರಾಳಿಯ ಮೈಗೆ ಬಿದ್ದರೆ ಅದು ದೊಡ್ಡ ಫೌಲೇ. ನಾನು ನೋಡುವುದು ಆ ಕೈಯ ಪೂರ್ತಿ ದಾರಿಯನ್ನು. ಎಷ್ಟು ಹಿಂದಿನಿಂದ ಬೀಸಿತು? ತಾಗಿದ್ದು ಮುಂಗೈಗೋ, ಮುಖ ಕುತ್ತಿಗೆಗೋ? ತಾಗಿದ ಮೇಲೆ ನಿಂತಿತೋ, ಇನ್ನೂ ಕೆಳಕ್ಕೆ ಒತ್ತಿಕೊಂಡು ಹೋಯಿತೋ? ಎನ್‌ಬಿಎ ರೆಫರಿಗಳು ಅಳೆಯುವುದೂ ಹೀಗೆಯೇ. ಏಟು ಅನಗತ್ಯವಾಗಿದ್ದರೆ ಫ್ಲಾಗ್ರಂಟ್-1. ಅನಗತ್ಯವೂ ಹೌದು, ಅತಿಯೂ ಹೌದು ಅಂದರೆ ಫ್ಲಾಗ್ರಂಟ್-2, ಆಟಗಾರ ನೇರವಾಗಿ ಹೊರಗೆ.

ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಮಾತ್ರ ಕೈಯಲ್ಲ, ಕಾಲು. ಶಾಟ್ ಹೊಡೆಯಲು ನೆಗೆದವನಿಗೆ ತಾನು ನೆಗೆದ ಜಾಗಕ್ಕೇ ಇಳಿಯುವ ಹಕ್ಕು ನಿಯಮದಲ್ಲಿದೆ. ಗಾಳಿಯಲ್ಲಿರುವವನು ಕೆಳಗೆ ನೋಡುವುದಿಲ್ಲ, ಅವನ ಕಣ್ಣು ರಿಂಗ್ ಮೇಲೆ. ಅಷ್ಟರಲ್ಲಿ ಡಿಫೆಂಡರ್ ಒಂದು ಹೆಜ್ಜೆ ಮುಂದಿಟ್ಟು ಆ ಜಾಗಕ್ಕೆ ಪಾದ ತಂದರೆ, ಇಳಿದವನ ಪಾದ ಸಮನೆಲಕ್ಕೆ ಬದಲು ಇನ್ನೊಂದು ಪಾದದ ಮೇಲೆ ಬೀಳುತ್ತದೆ, ಹರಡು ಹೊರಕ್ಕೆ ಮಡಚಿಕೊಳ್ಳುತ್ತದೆ. 2017ರ ಮೇ ತಿಂಗಳಲ್ಲಿ ಎನ್‌ಬಿಎ ಪ್ಲೇಆಫ್‌ನಲ್ಲಿ ಸ್ಯಾನ್ ಆಂಟೋನಿಯೋ ತಂಡದ ಕವಾಯ್ ಲೆನರ್ಡ್‌ಗೆ ಆದದ್ದು ಇದೇ. ಗೋಲ್ಡನ್ ಸ್ಟೇಟ್‌ನ ಝಾಝಾ ಪಚುಲಿಯಾ ಅವರ ಪಾದದ ಮೇಲೆ ಇಳಿದರು. ಆಗ ಇಪ್ಪತ್ತಕ್ಕೂ ಹೆಚ್ಚು ಪಾಯಿಂಟ್ ಮುಂದಿದ್ದ ತಂಡ, ಅವರು ಹೊರಹೋದ ಮೇಲೆ ಆ ಪಂದ್ಯವನ್ನೇ ಸೋತಿತು. ಅಂದು ಸಿಕ್ಕಿದ್ದು ಸಾಮಾನ್ಯ ಫೌಲ್. ಇಂಥದ್ದನ್ನು ವಿಡಿಯೊ ನೋಡಿ ಫ್ಲಾಗ್ರಂಟ್‌ಗೆ ಏರಿಸುವ ಅಧಿಕಾರ ರೆಫರಿಗಳಿಗೆ ಸಿಕ್ಕಿದ್ದು ಮುಂದಿನ ಸೀಸನ್‌ನಲ್ಲಿ. ಬೆಳೆಯುವ ಮಕ್ಕಳು ಮಣ್ಣಿನ ಕೋರ್ಟ್‌ನಲ್ಲಿ, ಸವೆದ ಶೂ ಹಾಕಿಕೊಂಡು ಆಡುವ ಕಡೆ ನಾನು ಈ ವಿಷಯದಲ್ಲಿ ರಿಯಾಯಿತಿ ಕೊಡುವುದಿಲ್ಲ.

2017ರಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಂಥ ಟೂರ್ನಿಗಳಲ್ಲಿ ಇದನ್ನೆಲ್ಲ ಗಮನಿಸಲು ಕೋರ್ಟ್ ಮೇಲೆ ಮೂವರು ರೆಫರಿಗಳಿರುತ್ತಾರೆ. ಎನ್‌ಬಿಎಯಲ್ಲಂತೂ ಪಂದ್ಯ ಮುಗಿದ ಮೇಲೂ ಫೌಲ್ ಬದಲಾಗಬಹುದು. 2016ರ ಫೈನಲ್ಸ್‌ನ ನಾಲ್ಕನೇ ಪಂದ್ಯದಲ್ಲಿ ಲೆಬ್ರಾನ್ ಜೇಮ್ಸ್ ಮೇಲೆ ಡ್ರೇಮಂಡ್ ಗ್ರೀನ್ ಬೀಸಿದ ಕೈಯನ್ನು ಲೀಗ್ ಆಮೇಲೆ ಫ್ಲಾಗ್ರಂಟ್-1 ಎಂದು ಘೋಷಿಸಿತು. ಹಿಂದಿನ ಫ್ಲಾಗ್ರಂಟ್‌ಗಳೂ ಸೇರಿ ಗ್ರೀನ್ ಐದನೇ ಪಂದ್ಯದಿಂದ ಅಮಾನತಾದರು. ಸರಣಿಯಲ್ಲಿ 3-1ರಿಂದ ಮುಂದಿದ್ದ ಅವರ ತಂಡ ಗೋಲ್ಡನ್ ಸ್ಟೇಟ್ ಕೊನೆಗೆ 4-3ರಿಂದ ಸೋತಿತು.

ನಮ್ಮಲ್ಲಿ ಇಬ್ಬರೇ ರೆಫರಿಗಳು. ವಿಡಿಯೊ ಇಲ್ಲ. ಆದ್ದರಿಂದ ನಿಲ್ಲುವ ಜಾಗವೇ ಮುಖ್ಯ. ಒಬ್ಬರು ರಿಂಗ್ ಕೆಳಗಿನ ಗೆರೆಯ ಹತ್ತಿರ, ಇನ್ನೊಬ್ಬರು ದಾಳಿಯ ಹಿಂದೆ. ಇಬ್ಬರು ಆಟಗಾರರ ನಡುವಿನ ಬೆಳಕು ಕಾಣುವ ಕೋನ ಹಿಡಿಯಬೇಕು. ಬೆನ್ನು ಅಡ್ಡ ಬಂದರೆ ತಳ್ಳಿದ್ದೋ ತಾಗಿದ್ದೋ ತಿಳಿಯುವುದಿಲ್ಲ. ಚೆಂಡನ್ನು ನೋಡುವ ಆಸೆ ಬಿಡಬೇಕು. ಹೊಸಬರು ಎಡವುವುದು ಇಲ್ಲೇ. ಚೆಂಡು ಚಂದ ಕಾಣುತ್ತದೆ, ಡಿಫೆಂಡರ್‌ನ ಕಾಲು ಕಾಣುವುದಿಲ್ಲ. ಅನುಮಾನ ಬಂದರೆ ಸೀಟಿ ಊದಿ, ಆಟ ನಿಲ್ಲಿಸಿ, ಜೊತೆಗಾರರ ಹತ್ತಿರ ಹೋಗಿ "ನಿಮಗೇನು ಕಂಡಿತು?" ಎಂದು ಕೇಳಿಯೇ ಸಂಜ್ಞೆ ತೋರಿಸುತ್ತೇನೆ. ಸ್ಕೋರ್ ಎಷ್ಟು, ಹೋದ ವರ್ಷ ಈ ಎರಡು ಶಾಲೆಗಳ ನಡುವೆ ಏನು ಜಗಳವಾಗಿತ್ತು, ಇವೆಲ್ಲ ಆ ಮಾತುಕತೆಯಲ್ಲಿ ಬರಕೂಡದು. ಫಿಬಾ ನಿಯಮವೂ ಇದನ್ನೇ ಹೇಳುತ್ತದೆ: ತೀರ್ಪು ಆ ಕ್ರಿಯೆಯ ಮೇಲೆ ಮಾತ್ರ, ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೂ ಒಂದೇ ಅಳತೆ.

ಆಟ ಹೊಡೆದಾಟಕ್ಕೆ ತಿರುಗಿದರೆ ಎರಡೂ ಮುಷ್ಟಿ ಮೇಲೆತ್ತಿ ಡಿಸ್‌ಕ್ವಾಲಿಫೈಯಿಂಗ್ ಫೌಲ್ ತೋರಿಸುವುದೇ ದಾರಿ. ಆಗ ಜಗಳಕ್ಕೆಂದು ಬೆಂಚು ಬಿಟ್ಟು ಓಡಿ ಬಂದವರೂ ಹೊರಗೆ. ಹೊರಹಾಕಲ್ಪಟ್ಟ ಆಟಗಾರ ಡ್ರೆಸ್ಸಿಂಗ್ ರೂಮಿಗೆ ಹೋಗಬೇಕು, ಇಲ್ಲವೇ ಕಟ್ಟಡ ಬಿಡಬೇಕು ಎಂದಿದೆ ನಿಯಮ. ನಮ್ಮ ಶಾಲಾ ಮೈದಾನಗಳಲ್ಲಿ ಡ್ರೆಸ್ಸಿಂಗ್ ರೂಮ್ ಎಲ್ಲಿಂದ ಬರಬೇಕು? ಹದಿನಾಲ್ಕು ವರ್ಷದ ಹುಡುಗನನ್ನು ಅಳುತ್ತಾ ಒಬ್ಬನೇ ಗೇಟಿನಾಚೆ ಕಳಿಸುವುದಂತೂ ಆಗದು. ಅವನ ಶಾಲೆಯ ಶಿಕ್ಷಕರೊಬ್ಬರನ್ನು ಕರೆದು, "ಇವನ ಜೊತೆ ಆ ತರಗತಿಯಲ್ಲಿ ಕೂತಿರಿ ಮೇಷ್ಟ್ರೇ, ನೀರು ಕೊಡಿ" ಎಂದು ಹೇಳಿ ಕಳಿಸುತ್ತೇನೆ. ಪಂದ್ಯ ಮುಗಿದ ಮೇಲೆ ಸ್ಕೋರ್‌ಶೀಟ್‌ಗೆ ಸಹಿ ಹಾಕುವ ಮುಂಚೆ ಅದರ ಹಿಂಬದಿಯಲ್ಲಿ ನಡೆದದ್ದನ್ನು ಬರೆಯುತ್ತೇನೆ: ಯಾವ ಕ್ವಾರ್ಟರ್, ಎಷ್ಟು ಸಮಯ ಉಳಿದಿತ್ತು, ಕೈ ಎಲ್ಲಿಂದ ಬಂತು, ಎಲ್ಲಿಗೆ ತಾಗಿತು.