ಹುಣ್ಣಿಮೆಯ ಜೌಗಿನಲ್ಲಿ ಹೊಂಚು

ಮೈನ್‌ಕ್ರಾಫ್ಟ್ ಆಡುವವರು ಚಂದ್ರನನ್ನು ನೋಡಿ ಬೇಟೆಗೆ ಹೊರಡುತ್ತಾರೆ. ಆ ಆಟದ ಜೌಗು ನೆಲದಲ್ಲಿ ರಾತ್ರಿ ಹೊತ್ತು ಸ್ಲೈಮ್ ಎಂಬ ಹಸಿರು ಲೋಳೆಯ ಪ್ರಾಣಿ ಹುಟ್ಟುತ್ತದೆ. ಹುಣ್ಣಿಮೆಯ ರಾತ್ರಿ ಅದು ಎಲ್ಲಕ್ಕಿಂತ ಹೆಚ್ಚು, ಚಂದ್ರ ಸವೆದಂತೆಲ್ಲ ಕಡಿಮೆ, ಅಮಾವಾಸ್ಯೆಯ ರಾತ್ರಿ ಜೌಗಿನಲ್ಲಿ ಒಂದೂ ಇಲ್ಲ. ಆಟದ ಒಂದು ದಿನವೆಂದರೆ ನಮ್ಮ 20 ನಿಮಿಷ. ಚಂದ್ರನಿಗೆ ಎಂಟೇ ಹಂತ. ಅಂದರೆ ಒಂದು ಹುಣ್ಣಿಮೆ ಕೈತಪ್ಪಿದರೆ ಮುಂದಿನದಕ್ಕೆ 2 ಗಂಟೆ 40 ನಿಮಿಷ ಕಾಯಬೇಕು. ಆರನೇ ಕ್ಲಾಸಿನ ಮಕ್ಕಳಿಗೂ ಈ ಲೆಕ್ಕ ಬಾಯಿಪಾಠ. ಗೋಡೆಯ ಮೇಲಿನ ಪಂಚಾಂಗದಲ್ಲಿ ಇವತ್ತು ಯಾವ ತಿಥಿ ಎಂದು ಅವರನ್ನೇ ಕೇಳಿದರೆ ಗೊತ್ತಿರಲಿಕ್ಕಿಲ್ಲ.

ಸ್ಲೈಮ್ ತೀರ ಅಪರೂಪದ್ದೇನೂ ಅಲ್ಲ. ಅದಕ್ಕಿಂತ ದುರ್ಲಭವಾದವು ಬೇರೆ ಇವೆ. ಕೋಳಿಯ ಬೆನ್ನೇರಿ ಬರುವ ಮರಿ ಜಾಂಬಿ, ಅಂದರೆ ಚಿಕನ್ ಜಾಕಿ, ಹೆಚ್ಚುಕಡಿಮೆ ನಾನೂರು ಜಾಂಬಿಗಳಿಗೆ ಒಂದು. ಗುಡುಗಿನ ಮಳೆಯಲ್ಲಿ ಸಿಡಿಲು ಪಕ್ಕದಲ್ಲೇ ಬಡಿದಾಗ ಮಾತ್ರ ನೀಲಿ ಪ್ರಭೆ ಹೊದ್ದುಕೊಳ್ಳುವ ಕ್ರೀಪರ್ ಎಂಬ ಶತ್ರು ಇದೆ. ಅದೇ ಗುಡುಗಿನಲ್ಲಿ ಹುಲ್ಲುಗಾವಲಿನ ನಡುವೆ ಒಂಟಿಯಾಗಿ ನಿಂತ ಅಸ್ಥಿಪಂಜರದ ಕುದುರೆ ಕಾಣಿಸುತ್ತದೆ. ಹತ್ತಿರ ಹೋದಿರೋ, ಅದು ನಾಲ್ವರು ಬಿಲ್ಲುಗಾರ ಸವಾರರ ಬಲೆ. 2025ರ ಏಪ್ರಿಲ್‌ನಲ್ಲಿ ತೆರೆಗೆ ಬಂದ ಮೈನ್‌ಕ್ರಾಫ್ಟ್ ಸಿನಿಮಾದಲ್ಲಿ ಚಿಕನ್ ಜಾಕಿ ಬರುವ ಕ್ಷಣಕ್ಕೆ ಅನೇಕ ದೇಶಗಳ ಚಿತ್ರಮಂದಿರಗಳಲ್ಲಿ ಹುಡುಗರು ಎದ್ದು ನಿಂತು ಕೂಗಿದರು, ಪಾಪ್‌ಕಾರ್ನ್ ತೂರಿದರು. ದೊಡ್ಡವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಎಷ್ಟೋ ರಾತ್ರಿ ಕಾದರೂ ಕಾಣದ ಪ್ರಾಣಿ ಅಷ್ಟೆತ್ತರದ ಪರದೆಯ ಮೇಲೆ ಬಂದರೆ ಕೂಗದೆ ಇರುವುದು ಹೇಗೆ?

ಜೂನ್-ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ಮಳೆರಜೆ ಘೋಷಿಸಿದ ದಿನ ಮಂಗಳೂರಿನ ಅದೆಷ್ಟೋ ಮನೆಗಳಲ್ಲಿ ಇದೇ ಬೇಟೆ. ಹೊರಗೆ ತೆಂಗಿನ ಮರ ಬಾಗುವ ಗಾಳಿ, ಕರೆಂಟು ಯಾವ ಗಳಿಗೆಯಲ್ಲಿ ಹೋಗುವುದೋ ಎಂಬ ಆತಂಕ, ಒಳಗೆ ಮೊಬೈಲಿನ ಮುಂದೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡ ಮಕ್ಕಳು. ‘ಸ್ಪಾನ್ ಆಯ್ತು (ಅಂದರೆ ಹುಟ್ಟಿತು) ಮಾರಾಯ, ನೋಡು ನೋಡು’ ಎಂಬ ಕೂಗು ಕೇಳಿದರೆ ಅಡುಗೆಮನೆಯಿಂದ ಬರುವ ಉತ್ತರ ಗೊತ್ತೇ ಇದೆ: ‘ಆ ಫೋನು ಇಡಿ, ಪುಸ್ತಕ ತೆಗೀರಿ.’ ಹೊತ್ತಿನ ಮಿತಿ ಬೇಕು ಎನ್ನುವ ಅಮ್ಮಂದಿರ ಜೊತೆ ನನಗೆ ತಕರಾರಿಲ್ಲ. ಆದರೆ ಆ ಹೊತ್ತಿನಲ್ಲಿ ಮಗು ಮಾಡುತ್ತಿರುವ ಕೆಲಸ ಏನು ಎಂಬುದನ್ನು ಒಮ್ಮೆ ಪಕ್ಕದಲ್ಲಿ ಕೂತು ನೋಡಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಏಕೆಂದರೆ ಅದು ಅದೃಷ್ಟದ ಕೆಲಸವಲ್ಲ. ಆಟದ ಒಳಗಿನ ನಿಯಮ ಹೀಗಿದೆ: ಆಟಗಾರ ನಿಂತ ಜಾಗದಿಂದ 24 ಬ್ಲಾಕ್‌ಗಳ ಒಳಗೆ ಯಾವ ಶತ್ರುವೂ ಹುಟ್ಟುವುದಿಲ್ಲ. 128 ಬ್ಲಾಕ್ ದಾಟಿದ್ದು ಆ ಕ್ಷಣಕ್ಕೇ ಮಾಯ. ಒಬ್ಬನೇ ಆಡುವಾಗ ಸುತ್ತಮುತ್ತ ಸುಮಾರು 70 ಶತ್ರುಗಳು ತುಂಬಿಕೊಂಡರೆ ಹೊಸದಕ್ಕೆ ಜಾಗವಿಲ್ಲ. ಹಾಗಾದರೆ ಅಪರೂಪದ್ದು ಬರಬೇಕಾದರೆ ಏನು ಮಾಡಬೇಕು? ಮಾಮೂಲಿಯದು ಹುಟ್ಟದಂತೆ ನೋಡಿಕೊಳ್ಳಬೇಕು. ಪಳಗಿದ ಆಟಗಾರ ಮೊದಲು ಕತ್ತಿ ಹಿಡಿಯುವುದಿಲ್ಲ, ಪಂಜು ಹಿಡಿಯುತ್ತಾನೆ. ಸುತ್ತಲಿನ ಗವಿಗಳನ್ನೆಲ್ಲ ಹುಡುಕಿ, ಒಂದೊಂದು ಮೂಲೆಗೂ ಪಂಜು ನೆಟ್ಟು, ಕತ್ತಲೆ ಎಂಬುದು ತನಗೆ ಬೇಕಾದ ಒಂದೇ ಜಾಗದಲ್ಲಿ ಉಳಿಯುವಂತೆ ಮಾಡುತ್ತಾನೆ. ಆಮೇಲೆ ತಾನೇ ಅಲ್ಲಿಂದ ಹಿಂದೆ ಸರಿದು ನಿಲ್ಲುತ್ತಾನೆ. ತೀರ ಹತ್ತಿರವಿದ್ದರೂ ಬಾರದು, ದೂರವಾದರೂ ಉಳಿಯದು. ನೆಲದಡಿಯ ಸ್ಲೈಮ್‌ಗೆ ಇನ್ನೊಂದು ಲೆಕ್ಕ. ಇಡೀ ಜಗತ್ತನ್ನು 16ಕ್ಕೆ 16ರ ಚೌಕಗಳಾಗಿ ಕತ್ತರಿಸಿದರೆ ಹತ್ತರಲ್ಲಿ ಒಂದು ಚೌಕ ಮಾತ್ರ ಸ್ಲೈಮಿನದ್ದು, ಅದೂ 40ನೇ ಮಟ್ಟಕ್ಕಿಂತ ಕೆಳಗೆ. ಯಾವ ಚೌಕ ಎಂದು ಮೇಲಿನಿಂದ ಗುರುತಿಲ್ಲ. ತೋಡಬೇಕು, ಕಾಯಬೇಕು, ಬರಲಿಲ್ಲವೆಂದರೆ ಪಕ್ಕದ ಚೌಕ.

ಇದೆಲ್ಲ ಕ್ಷೇತ್ರಕಾರ್ಯ. ಕಾಡಿನಲ್ಲಿ ಪ್ರಾಣಿ ಹುಡುಕುವವರು ಕೇಳಿಕೊಳ್ಳುವ ಪ್ರಶ್ನೆಗಳೇ ಇವು: ಯಾವ ನೆಲ, ಎಷ್ಟು ಬೆಳಕು, ಎಂಥ ಹವೆ, ನಾನು ಎಲ್ಲಿ ನಿಂತರೆ ಅದಕ್ಕೆ ಅಡ್ಡಿಯಾಗುವುದಿಲ್ಲ.

ಮೈನ್‌ಕ್ರಾಫ್ಟ್‌ಗಿಂತ ಟೆರೇರಿಯಾದಲ್ಲಿ ಇದು ಇನ್ನೂ ಬಿಗಿ. ಅಮೆರಿಕದ ಇಂಡಿಯಾನಾದ ರೀ-ಲಾಜಿಕ್ ಎಂಬ ಪುಟ್ಟ ತಂಡ 2011ರ ಮೇ 16ರಂದು ಬಿಟ್ಟ ಆಟ ಅದು. ಅದರ ಆಳದ ಗವಿಗಳಲ್ಲಿ ಒಮ್ಮೊಮ್ಮೆ ದಾರಿ ತಪ್ಪಿದ ಹುಡುಗಿಯೊಬ್ಬಳು ಸುಮ್ಮನೆ ನಿಂತಿರುತ್ತಾಳೆ. ಕನಿಕರದಿಂದ ಹತ್ತಿರ ಹೋದರೆ ಅವಳು ನಿಂಫ್ ಎಂಬ ಭಯಾನಕ ರೂಪ ತಾಳಿ ಮೈಮೇಲೆ ಎರಗುತ್ತಾಳೆ. ಟೋಪಿ ಇಟ್ಟ ಡಾಕ್ಟರ್ ಬೋನ್ಸ್ ಕಾಡಿನ ಮೇಲ್ಮೈಯಲ್ಲಿ ರಾತ್ರಿ ಮಾತ್ರ ಅಡ್ಡಾಡುತ್ತಾನೆ. ಮದುವೆ ಉಡುಪಿನ ಜಾಂಬಿ ವರ ರಕ್ತಚಂದ್ರನ ರಾತ್ರಿಯೇ ಬರಬೇಕು. 2020ರಲ್ಲಿ ಈ ಆಟಕ್ಕೆ ಬೆಸ್ಟಿಯರಿ ಎಂಬ ಪ್ರಾಣಿಪುಸ್ತಕ ಸೇರಿತು. ಪ್ರತಿ ಜೀವಿಗೂ ಅದರಲ್ಲಿ ಒಂದು ಪುಟ: ಅದು ಎಲ್ಲಿ ಇರುತ್ತದೆ, ಯಾವ ಹೊತ್ತಿನಲ್ಲಿ, ಎಂಥ ಹವೆಯಲ್ಲಿ. ಹತ್ತರಲ್ಲೊಂದು ಪಾಲು ತುಂಬಿದ ಮೇಲೆ ನಿಮ್ಮ ಊರಿಗೆ ಪ್ರಾಣಿಶಾಸ್ತ್ರಜ್ಞೆಯೊಬ್ಬಳು ವಾಸಕ್ಕೆ ಬರುತ್ತಾಳೆ. ಕೊಂದು ಪಡೆಯುವ ಸಾಮಾನಿಗಿಂತ ತುಂಬಿಸುವ ಪುಟವೇ ಮುಖ್ಯವಾಗಿಬಿಡುವ ಈ ಬದಲಾವಣೆ ನನಗೆ ಆ ಆಟದಲ್ಲಿ ಅತಿ ಇಷ್ಟವಾದದ್ದು.

ಈ ಆಟಗಳ ಹಿಂದೆ ನಿಜವಾದ ಹುಳು ಹಿಡಿಯುವ ಮಕ್ಕಳಿದ್ದಾರೆ ಎಂಬುದೂ ನೆನಪಿನಲ್ಲಿರಲಿ. ಅಪರೂಪದ ಜೀವಿಗಳನ್ನು ಹುಡುಕಿ ಕೂಡಿಡುವ ಆಟಗಳಿಗೆಲ್ಲ ದಾರಿ ತೋರಿದ ಪೋಕೆಮಾನ್ 1996ರಲ್ಲಿ ಬಂತು. ಅದನ್ನು ಕಲ್ಪಿಸಿದ ಸತೋಶಿ ತಾಜಿರಿ ಟೋಕಿಯೊದ ಹೊರವಲಯದ ಮಚಿದಾದಲ್ಲಿ ಕೀಟಗಳನ್ನು ಹುಡುಕುತ್ತ ಬೆಳೆದವರು. ಅವರ ಕೆರೆಗದ್ದೆಗಳು ಕಟ್ಟಡಗಳಡಿ ಹೋದವು. ಹೊಸ ಮಕ್ಕಳಿಗೂ ಆ ಹುಡುಕಾಟದ ಸುಖ ಸಿಗಲಿ ಎಂದು ಅದನ್ನು ಆಟದೊಳಗೆ ತಂದರು.

ಕಾದು ಕೂರುವುದು ನಮ್ಮ ಊರಿಗೂ ಹೊಸತಲ್ಲ. ಯಕ್ಷಗಾನದಲ್ಲಿ ಶ್ರೀ ದೇವಿ ಮಹಾತ್ಮೆ ಪ್ರಸಂಗದ ದಿನ ‘ಮಹಿಷಾಸುರ ಬರುವಾಗ ಎಬ್ಬಿಸಿ’ ಎಂದು ಹೇಳಿ ಚಾಪೆಯ ಮೇಲೆ ಮಲಗಿದ ಮಕ್ಕಳ ಊರಿದು. ರಂಗಸ್ಥಳದ ಕಡೆ ಕಣ್ಣಿಟ್ಟವರ ಬೆನ್ನ ಹಿಂದಿನಿಂದ, ಸಭೆಯ ನಡುವೆ, ದೊಂದಿಯ ಬೆಂಕಿಯಲ್ಲಿ ಆ ಬಣ್ಣದ ವೇಷ ಆರ್ಭಟಿಸುತ್ತ ನುಗ್ಗಿದರೆ ಅರ್ಧ ಮಕ್ಕಳು ಅಳುತ್ತಿದ್ದವು, ಉಳಿದರ್ಧ ಅದರ ಹಿಂದೆಯೇ ಓಡುತ್ತಿದ್ದವು. ಸಂಜೆಯಿಂದಲೇ ಮಹಿಷ ಕುಣಿಯುತ್ತಿದ್ದರೆ ಯಾರಿಗೂ ಆ ಪುಳಕ ಇರುತ್ತಿರಲಿಲ್ಲ.

ಈಗ ಪರದೆಯಿಂದ ಹೊರಗೆ ಬರೋಣ. ಮೈನ್‌ಕ್ರಾಫ್ಟ್‌ಗೆ 2021ರ ಜೂನ್‌ನಲ್ಲಿ ಆಕ್ಸೊಲಾಟಲ್ ಎಂಬ ನೀರಿನ ಪ್ರಾಣಿ ಸೇರಿತು. ಅದರ ನೀಲಿ ಬಣ್ಣದ ಮರಿ 1,200ಕ್ಕೆ ಒಂದು. ಮಕ್ಕಳು ಜೋಡಿ ಕಟ್ಟಿ ಕಟ್ಟಿ ಸುಸ್ತಾಗುವ ಆ ಪ್ರಾಣಿ ಕಾಲ್ಪನಿಕವಲ್ಲ. ಮೆಕ್ಸಿಕೊ ನಗರದ ಒಳಗಿರುವ ಸೋಚಿಮಿಲ್ಕೊ ಕಾಲುವೆಗಳು ಅದರ ಕೊನೆಯ ಮನೆ. 1998ರಲ್ಲಿ ಅಲ್ಲಿ ಪ್ರತಿ ಚದರ ಕಿಲೋಮೀಟರಿಗೆ ಅಂದಾಜು 6,000 ಇದ್ದವು, 2014ರ ಹೊತ್ತಿಗೆ 36. ಕೊಳಚೆ ನೀರು ಒಂದು ಕಾರಣ, ಸಾಕಣೆಗೆಂದು ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯಾ ಮೀನುಗಳು ಇನ್ನೊಂದು. ಆಕ್ಸೊಲಾಟಲ್ ಬಂದ ಮರುವರ್ಷ, 2022ರ ಜೂನ್‌ನಲ್ಲಿ, ಕಾಂಡ್ಲಾ ಕಾಡು ಮತ್ತು ಕಪ್ಪೆಗಳು ಆಟಕ್ಕೆ ಬಂದವು. ಗೊದಮೊಟ್ಟೆ ಯಾವ ಹವೆಯಲ್ಲಿ ಬೆಳೆಯಿತೋ ಅದಕ್ಕೆ ತಕ್ಕ ಬಣ್ಣದ ಕಪ್ಪೆಯಾಗುತ್ತದೆ.

ಕಾಂಡ್ಲಾ, ಕಪ್ಪೆ, ಮಹಾನಗರ: ಮೂರೂ ಮಂಗಳೂರಿನಲ್ಲೇ ಇವೆ. ನಾನು ಈ ಲೇಖನ ಬರೆಯಲು ಕೂತಿದ್ದೇ ಅದನ್ನು ಹೇಳಲು.

2018ರಲ್ಲಿ ‘ಝೂಟ್ಯಾಕ್ಸಾ’ ಪತ್ರಿಕೆಯಲ್ಲಿ ಮಂಗಳೂರಿನದ್ದೇ ಆದ ಹೊಸ ಕಪ್ಪೆಯೊಂದರ ವಿವರ ಪ್ರಕಟವಾಯಿತು. ಮಂಗಳೂರು ವಿಶ್ವವಿದ್ಯಾಲಯದ ವಿನೀತ್ ಕುಮಾರ್ ಮತ್ತು ಸಂಗಡಿಗರು ಗುರುತಿಸಿದ ಅದರ ಹೆಸರು ಮೈಕ್ರೊಹೈಲಾ ಕೊಡಿಯಾಲ್. ಬೆರಳ ತುದಿಯಲ್ಲಿ ಕೂರುವಷ್ಟು ಚಿಕ್ಕದು, ಚೂಪು ಮೂತಿ. ಅದು ಸಿಕ್ಕಿದ್ದು ಘಟ್ಟದ ದಟ್ಟ ಕಾಡಿನಲ್ಲಲ್ಲ, ನಮ್ಮ ನಗರದ ಕೈಗಾರಿಕಾ ಪ್ರದೇಶದಲ್ಲಿ. ದಿನವೂ ಲಾರಿಗಳು ಸಾಲುಗಟ್ಟಿ ಓಡಾಡುವ ದಿಕ್ಕು. ವಂಶವಾಹಿ ಹೋಲಿಸಿ ನೋಡಿದಾಗ ವಿಜ್ಞಾನಿಗಳಿಗೆ ಇನ್ನೊಂದು ಅಚ್ಚರಿ: ಇದರ ಹತ್ತಿರದ ನೆಂಟರು ಪಶ್ಚಿಮ ಘಟ್ಟದವರಲ್ಲ, ಆಗ್ನೇಯ ಏಷ್ಯಾದವರು. ಕಪ್ಪೆ ಸಿಕ್ಕಿದ ಜಾಗ ಹಿಂದೆ ಮರದ ದಿಮ್ಮಿಗಳನ್ನು ರಾಶಿ ಹಾಕುತ್ತಿದ್ದ ಅಂಗಳವಾಗಿತ್ತು. ಕಡಲಾಚೆಯಿಂದ ಹಡಗಿನಲ್ಲಿ ಬಂದ ದಿಮ್ಮಿಗಳ ಜೊತೆ ಇದರ ಪೂರ್ವಜರೂ ಇಳಿದಿರಬಹುದೇ ಎಂಬುದು ಅವರ ಊಹೆ. ಊಹೆ ನಿಜವೋ ಅಲ್ಲವೋ, ಬಂದರು ನಗರಕ್ಕೆ ಎಷ್ಟು ಒಪ್ಪುವ ಕಥೆ!

ಇದೊಂದೇ ಅಲ್ಲ. 2009ರಲ್ಲಿ ಮಂಗಳೂರಿನ ಆಸುಪಾಸಿನ ಇನ್ನೊಂದು ಕಪ್ಪೆಗೆ ಯೂಫ್ಲಿಕ್ಟಿಸ್ ಅಲೋಶಿಯೈ ಎಂಬ ಹೆಸರಾಯಿತು, ನಮ್ಮ ಸಂತ ಅಲೋಶಿಯಸ್ ಕಾಲೇಜಿನ ನೆನಪಿಗೆ. 2016ರಲ್ಲಿ ಮಣಿಪಾಲದ ಮುರಕಲ್ಲಿನ ಬಯಲಲ್ಲಿ ಮೈಕ್ರೊಹೈಲಾ ಲ್ಯಾಟರೈಟ್ ಸಿಕ್ಕಿತು. ಸುಮಾರು 1.6 ಸೆಂಟಿಮೀಟರಿನ ಈ ಕಪ್ಪೆಯ ದನಿ ಥೇಟ್ ಜೀರುಂಡೆಯದ್ದು. ಎಷ್ಟೋ ಮಳೆಗಾಲ ಜನ ಅದನ್ನು ಜೀರುಂಡೆ ಎಂದುಕೊಂಡೇ ಮುಂದೆ ಹೋಗಿರಬೇಕು. ಕಂಡುಹಿಡಿದ ರಮಿತ್ ಸಿಂಗಾಲ್, ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮೊದಲಾದವರ ತಂಡ ಆ ಕಲ್ಲಿನ ಹೆಸರನ್ನೇ ಬೇಕೆಂದು ಇಟ್ಟಿತು. ಮುರಕಲ್ಲಿನ ಪದವುಗಳನ್ನು ಸರಕಾರಿ ದಾಖಲೆಗಳು ಪಾಳುಭೂಮಿ ಎನ್ನುತ್ತವೆ. ಕಲ್ಲು ಕಡಿಯಲು, ಲೇಔಟ್ ಮಾಡಲು, ಕಸ ಸುರಿಯಲು ಅವೇ ಮೊದಲು ಕಣ್ಣಿಗೆ ಬೀಳುವುದು.

ಮೈನ್‌ಕ್ರಾಫ್ಟ್‌ನಲ್ಲಿ ನೇಮ್ ಟ್ಯಾಗ್ ಎಂಬ ಪುಟ್ಟ ಚೀಟಿ ಸಿಗುತ್ತದೆ. ಅಪರೂಪದ ಜೀವಿಗೆ ಹೆಸರು ಬರೆದು ಅದನ್ನು ಅಂಟಿಸದಿದ್ದರೆ, ನೀವು ದೂರ ಹೋದ ಕೂಡಲೇ ಆ ಜೀವಿ ಅಳಿಸಿಹೋಗುತ್ತದೆ. ಅಂಟಿಸಿದರೆ ನೀವು ಎಷ್ಟು ದೂರ ಹೋದರೂ ಅದು ಉಳಿಯುತ್ತದೆ. ಕೊಡಿಯಾಲ್ ಕಪ್ಪೆಗೆ ಹೆಸರು ಸಿಕ್ಕಿದೆ. ಆದರೆ ಇಲ್ಲಿ ಹೆಸರಿನಿಂದ ಉಳಿವಿನ ಖಾತ್ರಿ ಇಲ್ಲ. ಹೆಸರಿಟ್ಟ ದಿನ ಅದರ ಒಂದೇ ಒಂದು ನೆಲೆ ಗೊತ್ತಿತ್ತು. ಆಟದಲ್ಲಾದರೆ ನಾನೂರಕ್ಕೆ ಒಂದು ಎಂಬ ಲೆಕ್ಕ ಎಂದಿಗೂ ಬದಲಾಗದು, ಇವತ್ತು ಬಾರದಿದ್ದರೆ ನಾಳೆ ಬಂದೇ ಬರುತ್ತದೆ. ಇಲ್ಲಿ ಒಂದು ಲೋಡು ಮಣ್ಣು ಬಿದ್ದು ಹೊಂಡ ಮುಚ್ಚಿದರೆ ಆ ಮಳೆಗಾಲದ ಗೊದಮೊಟ್ಟೆಗಳೆಲ್ಲ ಮುಗಿದವು. ನನ್ನನ್ನು ಕಾಡುವುದು ಇದು. ಜೌಗು, ಪದವು, ಕಾಂಡ್ಲಾ ಎಂದು ಪರದೆಯ ಮೇಲೆ ನೆಲವನ್ನು ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸಬಲ್ಲ ಮಕ್ಕಳಿಗೆ ನಂತೂರು ಪದವು, ಕೊಡಿಯಾಲಬೈಲು, ಗುಜ್ಜರಕೆರೆಗಳು ಬರೀ ಬಸ್ ಸ್ಟಾಪುಗಳಾಗಿ ಉಳಿಯುತ್ತಿವೆ. ಪಕ್ಕದಲ್ಲಿ ಕೂತು ತೋರಿಸಬೇಕಾದ ದೊಡ್ಡವರಿಗೂ ಅವು ಅಷ್ಟೇ ಆಗಿವೆ.

ಆಟದಲ್ಲಿ ಪಳಗಿದ ಹುಡುಗನಿಗೆ ಕಪ್ಪೆ ಹುಡುಕುವುದು ಕಷ್ಟವಲ್ಲ, ಬೇಕಾದ ಬುದ್ಧಿ ಅವನಲ್ಲಿ ಆಗಲೇ ಇದೆ. ನನ್ನ ಅಕ್ಕನ ಮಗನನ್ನು ಕಳೆದ ಮುಂಗಾರಿನಲ್ಲಿ ಮನೆಯ ಹಿಂದಿನ ಗುಡ್ಡೆಗೆ ಕರೆದುಕೊಂಡು ಹೋಗಿದ್ದೆ. ಅವನು ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ಹತ್ತಿರ ಹೋದರೆ ಡಿಸ್ಪಾನ್ (ಅಂದರೆ ಮಾಯ) ಆಗುತ್ತೆ?’ ಸರಿಯಾದ ಪ್ರಶ್ನೆಯೇ. ಹೆಜ್ಜೆಯ ಸದ್ದು ಕೇಳಿದರೆ ಕಪ್ಪೆಗಳು ಒಟ್ಟಿಗೆ ಬಾಯಿ ಮುಚ್ಚುತ್ತವೆ. ಟಾರ್ಚ್ ಆರಿಸಿ ಕೂತಲ್ಲೇ ಕೂತರೆ ಸ್ವಲ್ಪ ಹೊತ್ತಿಗೆ ಒಂದು ಧೈರ್ಯ ಮಾಡಿ ಕೂಗುತ್ತದೆ, ಅದಕ್ಕೆ ಇನ್ನೊಂದು ದನಿಗೂಡಿಸುತ್ತದೆ. ನಾವು ಕಂಡದ್ದು ಸಾಮಾನ್ಯವಾದ ಗೋಂಟರು ಕಪ್ಪೆ, ಒಂದು ಮರಗಪ್ಪೆ ಅಷ್ಟೆ. ಗುಡ್ಡೆಯ ಕೆಳಗಿನ ಗದ್ದೆಯ ಬದುವಿನಲ್ಲಿ ಜೀರುಂಡೆಯಂತೆ ಕೂಗುತ್ತಿದ್ದುದು ಮಾತ್ರ ಕೊನೆಗೂ ಕಣ್ಣಿಗೆ ಬೀಳಲಿಲ್ಲ. ಅವನು ಅದರ ದನಿಯನ್ನು ಫೋನಿನಲ್ಲಿ ಹಿಡಿದುಕೊಂಡ.

ಹಾಗೆ ಹಿಡಿದ ದನಿಗೆ ಬೆಲೆಯಿದೆ. ಈ ಪುಟ್ಟ ಕಪ್ಪೆಗಳ ಜಾತಿ ಗುರುತಿಸುವಾಗ ವಿಜ್ಞಾನಿಗಳು ಬಣ್ಣ, ಅಳತೆ, ವಂಶವಾಹಿಗಳ ಜೊತೆ ಕೂಗಿನ ಲಯವನ್ನೂ ಹೋಲಿಸುತ್ತಾರೆ. ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಚಿತ್ರವನ್ನೋ ದನಿಯನ್ನೋ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ. ದಿನಾಂಕ, ಹೊತ್ತು, ಜಾಗ ಮೂರೂ ಇರಬೇಕು. ಕಪ್ಪೆಯನ್ನು ಕೈಯಲ್ಲಿ ಹಿಡಿಯಬಾರದು; ಅದು ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈಯ ಸೋಪು, ಸೊಳ್ಳೆ ಮುಲಾಮು ಅದಕ್ಕೆ ವಿಷ. ಗಂಬೂಟು ಹಾಕಿಕೊಳ್ಳಿ, ಹಾವಿನ ಬಗ್ಗೆ ಎಚ್ಚರವಿರಲಿ, ಜೊತೆಗೆ ದೊಡ್ಡವರೊಬ್ಬರು ಇರಲಿ. ಮುಂಗಾರಿನ ಮೊದಲ ವಾರಗಳು ಒಳ್ಳೆಯವು, ಮಳೆ ಬಿಟ್ಟ ಮೇಲಿನ ಮುಸ್ಸಂಜೆ ಇನ್ನೂ ಒಳ್ಳೆಯದು. ಅಕ್ಟೋಬರಿನಲ್ಲಿ ಹೋದರೆ ಅದೇ ಜಾಗದಲ್ಲಿ ಬಹುತೇಕ ಏನೂ ಕೇಳಿಸದು.