ಹಿಂದಿನ ಸಾಲಿನ ನಾದ: ಮೆಲ್ಬಾ ಲಿಸ್ಟನ್

ಸಂಗೀತ ಕಚೇರಿಯೊಂದನ್ನು ಕೇಳಿ ಬಂದವರು ಹಾಡಿದವರ ಹೆಸರನ್ನು ಹೇಳುತ್ತಾರೆ, ಪಕ್ಕವಾದ್ಯದವರನ್ನೂ ನೆನೆಯುತ್ತಾರೆ. ಕೃತಿ ಯಾರದೆಂಬುದನ್ನು ಅಂಕಿತವೇ ತಿಳಿಸುತ್ತದೆ. ಅಮೆರಿಕದ ಜಾಝ್ ಸಂಗೀತದಲ್ಲಿ ಈ ಮೂವರಲ್ಲದೆ ನಾಲ್ಕನೆಯವರೊಬ್ಬರು ಉಂಟು. ಧ್ವನಿಮುದ್ರಿಕೆಯ ಹೊದಿಕೆಯಲ್ಲಿ ಅವರ ಹೆಸರು ಸಾಮಾನ್ಯವಾಗಿ ಹಿಂಬದಿಯಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಎಷ್ಟೋ ವೇಳೆ ಇರುವುದೇ ಇಲ್ಲ. ಆದರೆ ನಮ್ಮ ಕಿವಿಗೆ ಬೀಳುವ ನಾದದ ಬಹುಭಾಗ ಅವರು ಕಾಗದದ ಮೇಲೆ ಬರೆದಿಟ್ಟದ್ದು. ಇವರನ್ನು ಅಲ್ಲಿ ಅರೇಂಜರ್ ಎನ್ನುತ್ತಾರೆ; ನಾವು ವಾದ್ಯಸಂಯೋಜಕರೆಂದು ಕರೆಯೋಣ. ಆ ಪಂಕ್ತಿಯಲ್ಲಿ ಬಹಳ ಎತ್ತರದ ಸ್ಥಾನಕ್ಕೆ ಅರ್ಹರಾಗಿದ್ದೂ ಬಹುಕಾಲ ಅಲಕ್ಷಿತರಾಗಿ ಉಳಿದವರು ಟ್ರೊಂಬೋನ್ ವಾದಕಿ ಮೆಲ್ಬಾ ಲಿಸ್ಟನ್.

ಅವರ ಸಾಧನೆ ತಿಳಿಯಬೇಕಾದರೆ ಬಿಗ್ ಬ್ಯಾಂಡ್ ಎಂಬ ವಾದ್ಯವೃಂದದ ಪರಿಚಯವಿರಬೇಕು. ಅದರಲ್ಲಿ 15ರಿಂದ 18 ಮಂದಿ ಇರುತ್ತಾರೆ. ಹಿಂದಿನ ಸಾಲಿನಲ್ಲಿ ನಾಲ್ಕು ಟ್ರಂಪೆಟ್, ನಡುವಿನ ಸಾಲಿನಲ್ಲಿ ಮೂರು ಇಲ್ಲವೆ ನಾಲ್ಕು ಟ್ರೊಂಬೋನ್, ಮುಂದಿನ ಸಾಲಿನಲ್ಲಿ ಐದು ಸ್ಯಾಕ್ಸೊಫೋನ್. ಪಕ್ಕದಲ್ಲಿ ಪಿಯಾನೊ, ಬಾಸ್ ಮತ್ತು ಡ್ರಮ್ಸ್. ನಮ್ಮ ಕಚೇರಿಯಲ್ಲಿ ಪಿಟೀಲು ಗಾಯಕರ ಜಾಡನ್ನೇ ಹಿಡಿದು ನಡೆಯುತ್ತದೆ. ಇಲ್ಲಿಯ ಕ್ರಮ ಬೇರೆ. ಒಂದೇ ಕ್ಷಣದಲ್ಲಿ ಬೇರೆ ಬೇರೆ ವಾದ್ಯಗಳು ಬೇರೆ ಬೇರೆ ಸ್ವರಗಳನ್ನು ನುಡಿಸುತ್ತವೆ. ಅವೆಲ್ಲ ಕೂಡಿದಾಗ ಒಂದು ಹೊಸ ಬಣ್ಣ ಹುಟ್ಟುತ್ತದೆ. ಯಾವ ಸ್ವರ ಯಾವ ವಾದ್ಯಕ್ಕೆ, ಯಾರು ಮೊದಲು ನುಡಿಸಬೇಕು, ಯಾರು ಸುಮ್ಮನಿರಬೇಕು, ಒಬ್ಬ ವಾದಕ ತನ್ನ ಮನೋಧರ್ಮದಂತೆ ವಿಸ್ತರಿಸುವಾಗ ಅವನ ಬೆನ್ನಿಗೆ ಎಂಥ ನಾದವಿರಬೇಕು ಎಂಬುದನ್ನೆಲ್ಲ ನಿರ್ಧರಿಸಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಸ್ವರಲಿಪಿ ಬರೆದುಕೊಡುವುದು ಸಂಯೋಜಕರ ಕೆಲಸ.

ಮೂಲ ರಾಗಧಾಟಿ ಬೇರೆಯವರದಾಗಿರಬಹುದು. ಅದರಿಂದ ಸಂಯೋಜಕರ ಸೃಷ್ಟಿಶಕ್ತಿಗೆ ಕುಂದೇನೂ ಇಲ್ಲ. ಭಾರತದ ಕಥೆ ಕುಮಾರವ್ಯಾಸನದಲ್ಲ. ಗದುಗಿನ ಭಾರತ ಮಾತ್ರ ಅವನದೇ. ಕನ್ನಡದ ಓದುಗರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜಾಝ್ ಚರಿತ್ರೆಯನ್ನು ಬರೆದವರಲ್ಲಿ ಅನೇಕರು ಮಾತ್ರ ಮುಂದೆ ನಿಂತು ಏಕವಾದನ ಮಾಡಿದವರನ್ನೇ ನಾಯಕರೆಂದು ಎಣಿಸಿದರು. ಮೆಲ್ಬಾ ಅವರ ಹೆಸರು ಹಿಂದೆ ಸರಿದದ್ದು ಹೀಗೆ.

ಮೆಲ್ಬಾ ಹುಟ್ಟಿದ್ದು 1926ರ ಜನವರಿ 13ರಂದು, ಮಿಸೌರಿ ಪ್ರಾಂತದ ಕ್ಯಾನ್ಸಸ್ ಸಿಟಿಯಲ್ಲಿ. ಏಳನೆಯ ವಯಸ್ಸಿನಲ್ಲೇ ಟ್ರೊಂಬೋನ್ ಅವರ ಕೈಗೆ ಬಂತು. ಇದು ಹಿತ್ತಾಳೆಯ ಊದುವ ವಾದ್ಯ. ಇದಕ್ಕೆ ಕೊಳಲಿನಂತೆ ರಂಧ್ರಗಳಿಲ್ಲ, ಹಾರ್ಮೋನಿಯಮಿನಂತೆ ಮನೆಗಳಿಲ್ಲ. ಉದ್ದವಾದ ಕೊಳವೆಯನ್ನು ಕೈಯಿಂದ ಹಿಂದೆ ಮುಂದೆ ಜಾರಿಸಿ ಸ್ವರವನ್ನು ಹಿಡಿಯಬೇಕು. ಏಳು ನೆಲೆಗಳುಂಟು; ಯಾವುದಕ್ಕೂ ಗುರುತಿಲ್ಲ, ಕಿವಿಯೇ ಪ್ರಮಾಣ. ಪುಟ್ಟ ಹುಡುಗಿಯ ತೋಳು ಕೊನೆಯ ನೆಲೆಗಳನ್ನು ಮುಟ್ಟುವುದೂ ಕಷ್ಟವೇ. ಇದರ ನಾದ ಪುರುಷಕಂಠಕ್ಕೆ ಸಮೀಪವಾದದ್ದು. ವೃಂದದಲ್ಲಿ ಟ್ರಂಪೆಟ್ಟಿಗಿಂತ ಕೆಳಗೆ, ಬಾಸ್‌ಗಿಂತ ಮೇಲೆ ಇದರ ಸಂಚಾರ. ಅಲ್ಲಿ ಕುಳಿತವರಿಗೆ ಮೇಲಿನ ದನಿಯೂ ಕೆಳಗಿನ ದನಿಯೂ ಸಮನಾಗಿ ಕೇಳಿಸುತ್ತವೆ. ಸಂಯೋಜಕರಾಗುವವರಿಗೆ ಇದಕ್ಕಿಂತ ಒಳ್ಳೆಯ ಪೀಠವಿಲ್ಲ.

1937ರಲ್ಲಿ ಕುಟುಂಬ ಲಾಸ್ ಏಂಜಲೀಸಿಗೆ ಬಂತು. ಹದಿಹರೆಯದಲ್ಲೇ ಮೆಲ್ಬಾ ಅಲ್ಲಿಯ ಲಿಂಕನ್ ನಾಟಕಶಾಲೆಯ ವಾದ್ಯವೃಂದವನ್ನು ಸೇರಿದರು; 1943ರಲ್ಲಿ ಜೆರಾಲ್ಡ್ ವಿಲ್ಸನ್ ಅವರ ಬಿಗ್ ಬ್ಯಾಂಡಿಗೆ ಹೋದರು. 1947ರಲ್ಲಿ ಸ್ಯಾಕ್ಸೊಫೋನ್ ವಾದಕ ಡೆಕ್ಸ್‌ಟರ್ ಗಾರ್ಡನ್ ಅವರೊಡನೆ ಧ್ವನಿಮುದ್ರಣದಲ್ಲಿ ನುಡಿಸಿದರು. ಆ ದಶಕ ಮುಗಿಯುವ ಹೊತ್ತಿಗೆ ಗಾಯಕಿ ಬಿಲಿ ಹಾಲಿಡೇ ಅವರ ತಂಡದೊಡನೆ ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಸಂಚರಿಸಿದರು. ವರ್ಣಭೇದದ ಕಟ್ಟಳೆ ಅಲ್ಲಿ ಇನ್ನೂ ಉಸಿರುಗಟ್ಟಿಸುತ್ತಿದ್ದ ಕಾಲ. ಪ್ರವಾಸ ಸೋತಿತು. ಮನನೊಂದ ಮೆಲ್ಬಾ ಸಂಗೀತವನ್ನು ಬಿಟ್ಟು ಲಾಸ್ ಏಂಜಲೀಸಿನ ಶಿಕ್ಷಣ ಮಂಡಲಿಯಲ್ಲಿ ಗುಮಾಸ್ತೆಯಾದರು. ನಡುನಡುವೆ ಚಲನಚಿತ್ರಗಳಲ್ಲಿ ಸಣ್ಣಪುಟ್ಟ ವೇಷಗಳನ್ನೂ ಹಾಕಿದರು.

ಅವರನ್ನು ಮರಳಿ ಕರೆತಂದವರು ಟ್ರಂಪೆಟ್ಟಿನ ಮಹಾಪ್ರತಿಭೆ ಡಿಝಿ ಗಿಲೆಸ್ಪಿ. 1956ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಗಿಲೆಸ್ಪಿಯವರ ತಂಡವನ್ನು ಪಶ್ಚಿಮ ಏಷ್ಯ, ದಕ್ಷಿಣ ಯೂರೋಪುಗಳಿಗೆ ಕಳುಹಿಸಿತು. ಕರಾಚಿ, ಢಾಕಾ ನಗರಗಳಿಗೂ ತಂಡ ಬಂದಿತ್ತು. ಕ್ಯಾಲಿಫೋರ್ನಿಯದಿಂದ ಒಬ್ಬ ಹೆಂಗಸನ್ನು ಕರೆಸಬೇಕಾಗಿತ್ತೇ ಎಂದು ವಾದಕರಲ್ಲಿ ಕೆಲವರು ಗೊಣಗಿದರಂತೆ. ಮೆಲ್ಬಾ ಅವರೇ ಮುಂದೆ ನೆನೆದುಕೊಂಡಂತೆ, ಗಿಲೆಸ್ಪಿ ಇದಕ್ಕೆ ಮಾತಿನಲ್ಲಿ ಉತ್ತರ ಕೊಡಲಿಲ್ಲ; ಅವರು ಬರೆದುತಂದಿದ್ದ ಸಂಯೋಜನೆಯನ್ನು ಹಂಚಿಸಿ ನುಡಿಸಲು ಹೇಳಿದರು. ಒಂದೆರಡು ಆವರ್ತಗಳಾಗುವಷ್ಟರಲ್ಲಿ ವಾದಕರು ತಡವರಿಸಿ ನಿಂತರು. ಅಂದಿಗೆ ಗೊಣಗಾಟ ಮುಗಿಯಿತು. ಆ ತಂಡಕ್ಕಾಗಿ ಅವರು ಫ್ರಾನ್ಸಿನ ದೆಬ್ಯುಸಿ, ನಾರ್ವೆಯ ಗ್ರೀಗ್ ಇವರ ರಚನೆಗಳ ಎಳೆಗಳನ್ನೂ ಜಾಝ್ ಲಯಕ್ಕೆ ಒಗ್ಗಿಸಿದರು.

ಏಕವಾದನಕ್ಕೆ ಮುಂದೆ ಬರಲು ಅವರಿಗೆ ಸದಾ ಸಂಕೋಚ. ಅವರದೇ ಹೆಸರಿನಲ್ಲಿ 1958ರಲ್ಲಿ ಮುದ್ರಣವಾದ ‘ಮೆಲ್ಬಾ ಲಿಸ್ಟನ್ ಅಂಡ್ ಹರ್ ಬೋನ್ಸ್’ ಎಂಬ ಮುದ್ರಿಕೆಯಲ್ಲಿ ಅವರ ಜೊತೆಗಿರುವವರು ಬಹುಮಟ್ಟಿಗೆ ಟ್ರೊಂಬೋನ್ ವಾದಕರೇ. ಒಂದೇ ಜಾತಿಯ ವಾದ್ಯಗಳಿಂದ ಎಷ್ಟು ಛಾಯೆಗಳನ್ನು ತೆಗೆಯಬಹುದೆಂಬುದಕ್ಕೆ ಅದು ನಿದರ್ಶನ.

ಅವರ ಪ್ರತಿಭೆಗೆ ಪೂರ್ಣ ಅವಕಾಶ ದೊರೆತದ್ದು ಪಿಯಾನೊ ವಾದಕ ರ‍್ಯಾಂಡಿ ವೆಸ್ಟನ್ ಅವರ ಸಹಯೋಗದಲ್ಲಿ. 1960ರಲ್ಲಿ ಆಫ್ರಿಕದ 17 ದೇಶಗಳು ಸ್ವತಂತ್ರವಾದವು. ಆ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ‘ಉಹುರು ಆಫ್ರಿಕ’ ಧ್ವನಿಮುದ್ರಣವಾಯಿತು. ಉಹುರು ಎಂದರೆ ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯ. ರಾಗಧಾಟಿಗಳು ವೆಸ್ಟನ್ ಅವರವು, ಸಾಹಿತ್ಯ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರದು, ವಾದ್ಯಸಂಯೋಜನೆ ಮೆಲ್ಬಾ ಅವರದು. ನೈಜೀರಿಯದ ಒಲಾಟುಂಜಿ, ಕ್ಯೂಬದ ಕ್ಯಾಂಡಿಡೊ, ಅಮೆರಿಕದ ಮ್ಯಾಕ್ಸ್ ರೋಚ್ ಮೊದಲಾದ ಅನೇಕ ತಾಳವಾದ್ಯಗಾರರು ಒಂದೆಡೆ. ಹಿತ್ತಾಳೆಯ ವಾದ್ಯಗಳು, ಸ್ಯಾಕ್ಸೊಫೋನುಗಳು, ಕೊಳಲು ಇನ್ನೊಂದೆಡೆ. ಇಷ್ಟು ವಾದ್ಯಗಳು ಕೂಡಿದರೆ ಗದ್ದಲವಾಗುವುದೇ ಸಹಜ. ಇಲ್ಲಿ ಹಾಗಾಗಿಲ್ಲ. ಚರ್ಮವಾದ್ಯಗಳಿಗೆ ಜಾಗ ಬೇಕಾದಲ್ಲಿ ಊದುವವರು ಬಿಟ್ಟುಕೊಡುತ್ತಾರೆ. ಆಫ್ರಿಕದ ಸ್ತ್ರೀಯನ್ನು ಕುರಿತ ವಿಲಂಬಗತಿಯ ಭಾಗದಲ್ಲಿ ವೃಂದವೆಲ್ಲ ಕಂಠಸ್ವರಗಳಿಗೆ ಮೆತ್ತನೆಯ ಹಾಸಾಗುತ್ತದೆ. ದಕ್ಷಿಣ ಆಫ್ರಿಕದ ವರ್ಣಭೇದ ಸರಕಾರ 1964ರಲ್ಲಿ ಈ ಮುದ್ರಿಕೆಯನ್ನು ನಿಷೇಧಿಸಿತು. ನಾದದ ಹಿಂದಿದ್ದ ಅರ್ಥ ಅದಕ್ಕೆ ಚೆನ್ನಾಗಿಯೇ ತಿಳಿದಿತ್ತು!

ಮುಂದಿನ ಬದುಕನ್ನು ಸಂಕ್ಷೇಪವಾಗಿ ಹೇಳಬಹುದು. 1973ರಿಂದ 1979ರವರೆಗೆ ಅವರು ಜಮೈಕದಲ್ಲಿ ಸಂಗೀತ ಕಲಿಸಿದರು. 1985ರಲ್ಲಿ ಪಾರ್ಶ್ವವಾಯು ಬಡಿದು ಟ್ರೊಂಬೋನ್ ಕೈಬಿಟ್ಟುಹೋಯಿತು. 1987ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾನಿಧಿ ಅವರಿಗೆ ಜಾಝ್ ಮಾಸ್ಟರ್ ಎಂಬ ಗೌರವವನ್ನಿತ್ತಿತು. ಕಂಪ್ಯೂಟರಿನ ನೆರವಿನಿಂದ ಬರವಣಿಗೆಯನ್ನು ಮತ್ತೆ ಹಿಡಿದ ಅವರು 1991ರಲ್ಲಿ ವೆಸ್ಟನ್ ಅವರ ‘ದಿ ಸ್ಪಿರಿಟ್ಸ್ ಆಫ್ ಅವರ್ ಆನ್ಸೆಸ್ಟರ್ಸ್’ ಮುದ್ರಿಕೆಗೆ ಸಂಯೋಜನೆ ಮಾಡಿದರು. 1999ರ ಏಪ್ರಿಲ್ 23ರಂದು ತೀರಿಕೊಂಡರು. ಅವರ ಸ್ವರಲಿಪಿಗಳು ಷಿಕಾಗೋದ ಕೊಲಂಬಿಯ ಕಾಲೇಜಿನ ಸಂಶೋಧನ ಕೇಂದ್ರವನ್ನು ಸೇರಿದವು. 2014ರಲ್ಲಿ ಆ ಕೇಂದ್ರದ ವಿದ್ವತ್ಪತ್ರಿಕೆ ಅವರಿಗಾಗಿ ಒಂದು ಸಂಚಿಕೆಯನ್ನು ಮೀಸಲಿಟ್ಟಿತು.

ಈ ತಡವಾದ ಮನ್ನಣೆಗೆ ಕಾರಣಗಳು ಸ್ಪಷ್ಟ. ಹಿತ್ತಾಳೆಯ ವಾದ್ಯಗಳ ಲೋಕದಲ್ಲಿ ಅವರು ಹೆಣ್ಣು. ಬಿಳಿಯರ ಅಧಿಕಾರದ ನಾಡಿನಲ್ಲಿ ಆಫ್ರಿಕಮೂಲದವರು. ಕೀರ್ತಿಯೆಲ್ಲ ತಂಡದ ಯಜಮಾನನಿಗೆ ಸಲ್ಲುವ ವೃತ್ತಿಯಲ್ಲಿ ಬರೆಯುವ ಕೈ. ಮೊದಲ ಎರಡನ್ನು ಸಮಾಜ ತಿದ್ದಿಕೊಳ್ಳಬೇಕು. ಮೂರನೆಯದನ್ನು ಕೇಳುವವರು ತಿದ್ದಿಕೊಳ್ಳಬಹುದು. ‘ಉಹುರು ಆಫ್ರಿಕ’ ದೊರೆತರೆ ಎರಡು ಸಲ ಕೇಳಬೇಕು. ಮೊದಲ ಸಲ ಮುಂದಿರುವ ವಾದಕನನ್ನು ಹಿಂಬಾಲಿಸಿದರೆ ಸಾಕು. ಎರಡನೆಯ ಸಲ ಅವನನ್ನು ಬಿಟ್ಟು, ಅವನ ಹಿಂದೆ ಮೆಲ್ಲನೆ ಏಳುವ, ಸರಿಯುವ, ಮತ್ತೆ ತುಂಬಿಕೊಳ್ಳುವ ನಾದಕ್ಕೆ ಕಿವಿಗೊಡಬೇಕು. ಮೆಲ್ಬಾ ಲಿಸ್ಟನ್ ಅವರ ಬರವಣಿಗೆ ಇರುವುದು ಅಲ್ಲಿಯೇ.