ಕಾಯಿದೆಗೆ ದಾಕ್ಷಿಣ್ಯವಿಲ್ಲ

1957ರ ಅಕ್ಟೋಬರ್. ಅಮೆರಿಕದ ಡೆಲವೇರ್ ರಾಜ್ಯದ ಡೋವರ್ ಪಟ್ಟಣದಲ್ಲಿ ಹೆದ್ದಾರಿ ಬದಿಯ ಉಪಾಹಾರ ಗೃಹವೊಂದನ್ನು ಹೊಕ್ಕ ಆಫ್ರಿಕದ ಗಣ್ಯರೊಬ್ಬರು ಕಿತ್ತಳೆ ರಸ ಕೇಳಿದರು. ಕಪ್ಪು ವರ್ಣೀಯರು ಒಳಗೆ ಕುಳಿತು ಕುಡಿಯುವಂತಿಲ್ಲ ಎಂಬ ಉತ್ತರ ಬಂದಿತು. ಹೀಗೆ ಅವಮಾನಿತರಾದವರು ಏಳು ತಿಂಗಳ ಹಿಂದಷ್ಟೇ ಸ್ವತಂತ್ರವಾಗಿದ್ದ ಘಾನಾದ ಹಣಕಾಸು ಸಚಿವ ಕೋಮ್ಲಾ ಅಗ್ಬೇಲಿ ಗ್ಬೆಡೆಮಾ. ಸುದ್ದಿ ಪತ್ರಿಕೆಗಳನ್ನು ತಲುಪಿದೊಡನೆ ಮುಜುಗರಕ್ಕೊಳಗಾದ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಶ್ವೇತಭವನಕ್ಕೆ ಬರಮಾಡಿಕೊಂಡು ಬೆಳಗಿನ ಉಪಾಹಾರ ನೀಡಿದರು.

ಹೊರಜಗತ್ತು ಗ್ಬೆಡೆಮಾ ಅವರನ್ನು ನೆನೆಯುವುದು ಬಹುಮಟ್ಟಿಗೆ ಈ ಪ್ರಸಂಗದಿಂದಲೇ. ಆದರೆ ಪ್ರಜಾಪ್ರಭುತ್ವದ ಬಗ್ಗೆ ಕಾಳಜಿಯುಳ್ಳವರು ಅವರ ಸಂಸದೀಯ ಬದುಕಿನಿಂದ ಕಲಿಯಬೇಕಾದ ಪಾಠ ಇದಕ್ಕಿಂತ ಕಠಿಣವಾದುದು.

ಘಾನಾ ಇನ್ನೂ ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತಾಗಿದ್ದಾಗ, 1950ರಲ್ಲಿ, ಚಳವಳಿಯ ನಾಯಕ ಕ್ವಾಮೆ ಎನ್‌ಕ್ರುಮಾ ಸೆರೆಮನೆ ಸೇರಿದರು. ತಾವೂ ಸೆರೆವಾಸ ಅನುಭವಿಸಿ ಹೊರಬಂದಿದ್ದ ಗ್ಬೆಡೆಮಾ ಪಕ್ಷದ ಹೊಣೆ ಹೊತ್ತು ಊರೂರು ಸುತ್ತಿದರು. 1951ರ ಚುನಾವಣೆಯಲ್ಲಿ ಸ್ಪರ್ಧೆ ನಡೆದ 38 ಸ್ಥಾನಗಳ ಪೈಕಿ 34 ಅವರ ಪಕ್ಷಕ್ಕೆ ದಕ್ಕಿದವು. ಸೆರೆಮನೆಯಲ್ಲಿದ್ದುಕೊಂಡೇ ಗೆದ್ದ ಎನ್‌ಕ್ರುಮಾ ಬಿಡುಗಡೆಯಾಗಿ ಸರ್ಕಾರ ರಚಿಸಿದರು. ನಾಯಕನಿಲ್ಲದಾಗ ಮನೆ ಕಾದು, ಬಂದೊಡನೆ ಬೀಗದ ಕೈ ಒಪ್ಪಿಸುವ ಅನುಯಾಯಿಗಳು ರಾಜಕಾರಣದಲ್ಲಿ ಅಪರೂಪ.

1954ರಿಂದ 1961ರವರೆಗೆ ಹಣಕಾಸು ಖಾತೆ ಅವರ ಕೈಯಲ್ಲಿತ್ತು. ಮೊದಲ ವರ್ಷವೇ ಅವರು ಮಂಡಿಸಿದ ಮಸೂದೆ ಕೋಕೋ ಬೆಳೆಗಾರರಿಗೆ ಅರವತ್ತು ಪೌಂಡ್ ತೂಕದ ಹೊರೆಯೊಂದಕ್ಕೆ 72 ಶಿಲಿಂಗ್‌ನಂತೆ ನಾಲ್ಕು ವರ್ಷಗಳ ದರವನ್ನು ನಿಗದಿ ಮಾಡಿತು. ಜಾಗತಿಕ ಬೆಲೆ ಆಗ ಬಹಳ ಮೇಲಿತ್ತು. ಹೆಚ್ಚುವರಿ ಹಣವನ್ನು ಅಭಿವೃದ್ಧಿಗೆ ತೊಡಗಿಸಬೇಕು, ಹಣದುಬ್ಬರವನ್ನು ತಡೆಯಬೇಕು ಎಂಬ ತರ್ಕ ಪುಸ್ತಕದ ಮಟ್ಟಿಗೆ ಸರಿಯಾದುದೇ. ಆದರೆ ತನ್ನ ಬೆವರಿನ ಬೆಲೆಯನ್ನು ಬೇರೆಯವರು ಕಟ್ಟಿದಾಗ ರೈತನಿಗಾಗುವ ನೋವಿಗೆ ಆಯವ್ಯಯ ಪತ್ರದಲ್ಲಿ ಅಂಕಣವಿರುವುದಿಲ್ಲ. ಅಸಾಂಟೆ ಪ್ರಾಂತದ ಕುಮಾಸಿಯಲ್ಲಿ ಕೆಲವೇ ವಾರಗಳಲ್ಲಿ ಪ್ರಬಲ ವಿರೋಧ ಪಕ್ಷವೊಂದು ಹುಟ್ಟಿಕೊಂಡಿತು.

ವಿರೋಧವನ್ನು ಎದುರಿಸಲು ಸರ್ಕಾರ ಆಯ್ದುಕೊಂಡ ದಾರಿ ದುರಂತದ್ದು. 1958ರ ಮುನ್ನೆಚ್ಚರಿಕೆ ಬಂಧನ ಕಾಯಿದೆ ವಿಚಾರಣೆಯಿಲ್ಲದೆ ಐದು ವರ್ಷಗಳವರೆಗೆ ಯಾರನ್ನಾದರೂ ಸೆರೆಯಲ್ಲಿಡುವ ಅಧಿಕಾರವನ್ನು ಆಳುವವರಿಗೆ ಕೊಟ್ಟಿತು. ಅದನ್ನು ತಂದ ಸಂಪುಟದ ಹಿರಿಯ ಸದಸ್ಯರಲ್ಲಿ ಗ್ಬೆಡೆಮಾ ಒಬ್ಬರು. ರಾಷ್ಟ್ರೀಯ ಚಳವಳಿಯ ಹಿರಿಯ ನ್ಯಾಯವಾದಿ ಜೆ.ಬಿ. ಡಾಂಕ್ವಾ ಅದೇ ಕಾಯಿದೆಯಡಿ ಬಂಧಿತರಾಗಿ 1965ರಲ್ಲಿ ಸೆರೆಮನೆಯಲ್ಲಿಯೇ ಅಸುನೀಗಿದರು.

ಅಷ್ಟರಲ್ಲಿ ಗ್ಬೆಡೆಮಾ ದೇಶದಲ್ಲಿರಲಿಲ್ಲ. 1961ರಲ್ಲಿ ಹಣಕಾಸು ಖಾತೆಯನ್ನು ಕಿತ್ತುಕೊಂಡ ಎನ್‌ಕ್ರುಮಾ, ಸೆಪ್ಟೆಂಬರ್‌ನಲ್ಲಿ ಸಂಪುಟದಿಂದಲೇ ಅವರನ್ನು ಹೊರಹಾಕಿದರು. ಮರುತಿಂಗಳು ಮೇಲ್ಮನವಿಗೆ ಅವಕಾಶವೇ ಇಲ್ಲದ ವಿಶೇಷ ನ್ಯಾಯಾಲಯಗಳ ಮಸೂದೆ ಸಂಸತ್ತಿಗೆ ಬಂದಾಗ, ಸಾಮಾನ್ಯ ಸದಸ್ಯರಾಗಿ ಎದ್ದುನಿಂತ ಗ್ಬೆಡೆಮಾ ಅದನ್ನು ವಿರೋಧಿಸಿದರು. ಈ ಮಸೂದೆ ಭಯದ ಅಸ್ತ್ರವಾದೀತು ಎಂದು ಸಹಸದಸ್ಯರನ್ನು ಎಚ್ಚರಿಸಿದರು. ಮಸೂದೆ ಅಂಗೀಕಾರವಾಯಿತು. ಬಂಧನದ ಭೀತಿಯಿಂದ ಅವರು ದೇಶ ಬಿಟ್ಟರು. ವೋಲ್ಟಾ ನದಿಯ ಅಕೊಸೊಂಬೊ ಅಣೆಕಟ್ಟಿಗೆ ಹಣ ಹೊಂದಿಸಲು ವರ್ಷಗಟ್ಟಲೆ ಶ್ರಮಿಸಿದ್ದ ಆ ಸಚಿವ, 1966ರ ಜನವರಿಯಲ್ಲಿ ಅದರ ಉದ್ಘಾಟನೆಯಾದಾಗ ಪರದೇಶಿಯಾಗಿದ್ದರು.

ಮರುತಿಂಗಳೇ ಸೇನಾ ಕ್ರಾಂತಿ ಎನ್‌ಕ್ರುಮಾರನ್ನು ಪದಚ್ಯುತಗೊಳಿಸಿತು. ಮರಳಿದ ಗ್ಬೆಡೆಮಾ ಹೊಸ ಪಕ್ಷ ಕಟ್ಟಿ 1969ರ ಚುನಾವಣೆ ಎದುರಿಸಿದರು. 140 ಸ್ಥಾನಗಳಲ್ಲಿ 29 ಅವರ ಪಕ್ಷಕ್ಕೂ, 105 ಬುಸಿಯಾ ಅವರ ಪಕ್ಷಕ್ಕೂ ದೊರೆತವು. ಕೆಟಾ ಕ್ಷೇತ್ರದಿಂದ ಸ್ವತಃ ಗೆದ್ದರೂ ವಿರೋಧ ಪಕ್ಷದ ಆಸನ ಅವರಿಗೆ ಉಳಿಯಲಿಲ್ಲ. ಹಿಂದಿನ ಆಡಳಿತದ ಅಕ್ರಮ ಆಸ್ತಿಗಳ ಕುರಿತು ತನಿಖಾ ಆಯೋಗವೊಂದು ನೀಡಿದ್ದ ಪ್ರತಿಕೂಲ ನಿರ್ಣಯವನ್ನು ಆಧರಿಸಿ, ಹೊಸ ಸಂವಿಧಾನದ ವಿಧಿಯಂತೆ ಅವರು ಸಂಸದರಾಗಿರಲು ಅನರ್ಹರೆಂದು ನ್ಯಾಯಾಲಯ ತೀರ್ಪಿತ್ತಿತು. ಆರೋಪದ ಸತ್ಯಾಸತ್ಯತೆ ಬೇರೆ ಮಾತು. ಜನರು ಆರಿಸಿದ ಪ್ರತಿನಿಧಿಯನ್ನು ಹೊರಗಟ್ಟಿದ್ದು ಅಪರಾಧ ಸಾಬೀತಾದ ಮೊಕದ್ದಮೆಯಲ್ಲ, ಆಯೋಗದ ವರದಿ ಎಂಬುದು ಯೋಚಿಸಬೇಕಾದ ಸಂಗತಿ. ಗ್ಬೆಡೆಮಾ 1998ರಲ್ಲಿ ನಿಧನರಾದರು.

ಕಡತಗಳ ನಡುವೆಯೇ ಆಯುಷ್ಯದ ಬಹುಭಾಗ ಕಳೆದ ನನ್ನಂಥವನಿಗೆ ಈ ಕಥೆ ದೂರದ ಖಂಡದ್ದೆನಿಸುವುದಿಲ್ಲ. ಕರಡು ಕಾಯಿದೆಯೊಂದು ಮೇಜಿಗೆ ಬಂದಾಗ ನಾವು ಕೇಳುತ್ತಿದ್ದುದು, ಇದರಿಂದ ಸದ್ಯದ ಸಮಸ್ಯೆ ಬಗೆಹರಿಯುವುದೇ ಎಂಬುದನ್ನು ಮಾತ್ರ. ಇದೇ ಅಧಿಕಾರ ನಾಳೆ ನಮ್ಮ ಎದುರಾಳಿಯ ಕೈಸೇರಿದರೆ ಒಪ್ಪುತ್ತೇವೆಯೇ ಎಂದು ಟಿಪ್ಪಣಿ ಬರೆದವರು ವಿರಳ. 1961ರ ಗ್ಬೆಡೆಮಾ ಭಾಷಣ ಧೀರವಾದುದು, ಸಂದೇಹವಿಲ್ಲ. ಅದು 1958ರಲ್ಲಿಯೇ, ಅವರ ಕೈಯಲ್ಲಿ ಖಾತೆಯಿದ್ದಾಗಲೇ, ಕೇಳಿಬಂದಿದ್ದರೆ ಅದರ ತೂಕ ಬೇರೆಯಾಗಿರುತ್ತಿತ್ತು.